ಪಕ್ಷಿಗಳ ಛಾಯಾಚಿತ್ರದಲ್ಲಿ ಸ್ಫುಟತೆ

(ಹೊಸದಾಗಿ ಅಭ್ಯಾಸ ಮಾಡುವವರಿಗೆ ಒಂದು ಪಾಠ)

ಹಕ್ಕಿಗಳ ಚಿತ್ರವನ್ನು ತೆಗೆಯಬೇಕೆಂಬ ಆಸೆಯು ಈಗ ಅನೇಕ ವಿದ್ಯಾರ್ಥಿನಿಯರಲ್ಲಿ ಹುಟ್ಟಿರುವುದು ಸಂತೋಷಕರವಾದ ಸಂಗತಿ. ಮನೆಯಲ್ಲಿ ಒಂದು ಡಿಜಿಟಲ್ ಕ್ಯಾಮರಾ ಇದ್ದು, ದೂರದ ವಸ್ತುವನ್ನು ಹತ್ತಿರಕ್ಕೆ ತರುವ ಲೆನ್ಸೊಂದು ದೊರೆತರೆ, ಅಂಗಳದ ಸೀಬೆಮರದ ಪಿಕಳಾರವೂ ಕೆರೆದಂಡೆಯ ಬೆಳ್ಳಕ್ಕಿಯೂ ನಮ್ಮ ಅಭ್ಯಾಸದ ವಸ್ತುಗಳಾಗುತ್ತವೆ. ಆದರೆ ಮೊದಲ ದಿವಸಗಳ ಚಿತ್ರಗಳನ್ನು ಕಂಪ್ಯೂಟರಿನ ತೆರೆಯ ಮೇಲೆ ದೊಡ್ಡದಾಗಿ ನೋಡಿದಾಗ ಬಹುಮಂದಿಗೆ ನಿರಾಶೆಯುಂಟಾಗುತ್ತದೆ. ಹಕ್ಕಿಯು ಇದೆ, ಅದರ ಬಣ್ಣವೂ ಇದೆ; ಗರಿಗಳು ಮಾತ್ರ ಒಂದರಿಂದ ಒಂದು ಬೇರ್ಪಡದೆ ಹಿಂಜಿದ ಅರಳೆಯಂತೆ ಕಲೆತುಹೋಗಿರುತ್ತವೆ. ಆಗ ಅವರು ಎರಡು ಪ್ರಶ್ನೆಗಳನ್ನು ಕೇಳುತ್ತಾರೆ. ಇನ್ನೂ ಹೆಚ್ಚು ಬೆಲೆಯ ಲೆನ್ಸು ಬೇಕೋ? ಅಥವಾ ಕಂಪ್ಯೂಟರಿನಲ್ಲಿ ಇದನ್ನು ತಿದ್ದಿ ಸರಿಪಡಿಸಲು ಬರುವುದೋ? ಎರಡಕ್ಕೂ ನಾವು ಕೊಡುವ ಉತ್ತರ ಒಂದೇ. ಸ್ಫುಟತೆಯು ಗುಂಡಿಯನ್ನು ಒತ್ತುವ ಕ್ಷಣದಲ್ಲಿಯೇ ಹುಟ್ಟತಕ್ಕದ್ದು. ಆಗ ಹುಟ್ಟದಿದ್ದುದನ್ನು ಆಮೇಲೆ ಯಾವ ತಿದ್ದುವಿಕೆಯೂ ಹುಟ್ಟಿಸಲಾರದು. ಚಿತ್ರದಲ್ಲಿ ಇರುವುದನ್ನು ಚೆನ್ನಾಗಿ ತೋರಿಸುವುದಷ್ಟೇ ತಿದ್ದುವಿಕೆಯ ಕೆಲಸ.

ಸ್ಫುಟತೆಯು ಕೇವಲ ಅಂದಕ್ಕಾಗಿ ಬೇಕಾದ ಗುಣವೆಂದು ಯಾರೂ ಎಣಿಸಬಾರದು. ಇಂಗ್ಲೆಂಡಿನ ಎಮ್ಮಾ ಟರ್ನರ್ (1867–1940) ಎಂಬ ಮಹಿಳೆಯು ನಾರ್ಫೋಕ್ ಪ್ರಾಂತದ ಜೌಗು ನೆಲಗಳಲ್ಲಿ ದೋಣಿಮನೆಯೊಂದರಲ್ಲಿ ತಂಗುತ್ತ ಹಕ್ಕಿಗಳ ಚಿತ್ರಗಳನ್ನು ತೆಗೆಯುತ್ತಿದ್ದರು. ಜೊಂಡಿನಲ್ಲಿ ಅಡಗಿ ಬಾಳುವ ಬಿಟರ್ನ್ ಎಂಬ ಕೊಕ್ಕರೆಯ ಬಳಗದ ಹಕ್ಕಿಯು ಆ ದೇಶದಲ್ಲಿ ಮರಿಮಾಡುವುದು ನಿಂತುಹೋಗಿ ಇಪ್ಪತ್ತಕ್ಕೂ ಹೆಚ್ಚು ವರುಷಗಳಾಗಿದ್ದವು. 1911ರಲ್ಲಿ ಆಕೆ ತೆಗೆದ ಒಂದು ಮರಿಯ ಚಿತ್ರವು, ಆ ಹಕ್ಕಿಯು ಮರಳಿ ಬಂದು ಸಂಸಾರ ಹೂಡಿದೆ ಎಂಬುದಕ್ಕೆ ಸಾಕ್ಷಿಯಾಯಿತು. ಚಿತ್ರವು ಸಾಕ್ಷಿಯಾಗಬೇಕಾದರೆ ಅದರಲ್ಲಿ ಕೊಕ್ಕು, ಕಣ್ಣು, ಗರಿಯ ಗುರುತುಗಳು ತೋರಬೇಕು. ನಮ್ಮ ಕಾಲದಲ್ಲಿಯೂ ಹಾಗೆಯೇ. 2002ರಲ್ಲಿ ಅಮೆರಿಕದಲ್ಲಿ ಪ್ರಾರಂಭವಾದ ಈಬರ್ಡ್ ಎಂಬ ಪಕ್ಷಿದಾಖಲೆಗೆ ಈಗ ಲೋಕದ ನಾನಾ ಕಡೆಗಳಿಂದ ಸಾಮಾನ್ಯ ಜನರು ತಾವು ಕಂಡ ಹಕ್ಕಿಗಳ ಲೆಕ್ಕವನ್ನೂ ಚಿತ್ರಗಳನ್ನೂ ಕಳುಹಿಸುತ್ತಾರೆ. ಹೈಸ್ಕೂಲಿನ ಒಬ್ಬ ಹುಡುಗಿಯು ತೆಗೆದ ಚಿತ್ರವೂ ಅಲ್ಲಿ ಸಾಕ್ಷಿಯಾಗಿ ನಿಲ್ಲಬಹುದು. ಆದಕಾರಣ ಈ ಪಾಠವನ್ನು ಕ್ರಮವಾಗಿ ಕಲಿಯುವುದು ಯೋಗ್ಯವಾಗಿದೆ.

1. ಮಸುಕಿನ ನಾಲ್ಕು ವಿಧಗಳು

ರೋಗವನ್ನು ಅರಿಯದೆ ಮದ್ದು ಕೊಡಬಾರದು. ಮಸುಕಾದ ಚಿತ್ರಗಳೆಲ್ಲವೂ ಮೇಲುನೋಟಕ್ಕೆ ಒಂದೇ ಎಂದು ಕಂಡರೂ ಅವುಗಳ ಕಾರಣಗಳು ಬೇರೆ ಬೇರೆ. ಚಿತ್ರವನ್ನು ತೆರೆಯ ಮೇಲೆ ಪೂರ್ಣ ಅಳತೆಗೆ, ಅಂದರೆ ನೂರಕ್ಕೆ ನೂರರಷ್ಟು ಹಿಗ್ಗಿಸಿ, ಈ ಗುರುತುಗಳನ್ನು ಹುಡುಕಬೇಕು.

ಹಕ್ಕಿ, ಕೊಂಬೆ, ಎಲೆ ಎಲ್ಲವೂ ಒಂದೇ ದಿಕ್ಕಿಗೆ ಎಳೆದಂತೆ ತೋರಿ, ನೀರಹನಿಯ ಹೊಳಪು ಚುಕ್ಕೆಯಾಗಿರದೆ ಗೆರೆಯಾಗಿದ್ದರೆ, ಅದು ಕ್ಯಾಮರಾವನ್ನು ಹಿಡಿದ ಕೈಯ ಅಲುಗಾಟ. ಕೊಂಬೆಯು ಸ್ಫುಟವಾಗಿದ್ದು ಹಕ್ಕಿಯ ತಲೆಯೋ ರೆಕ್ಕೆಯೋ ಮಾತ್ರ ಮಸುಕಾಗಿದ್ದರೆ, ಅದು ಹಕ್ಕಿಯ ಚಲನೆ. ಹಕ್ಕಿಯು ಮಸುಕಾಗಿದ್ದು ಅದರ ಮುಂದಿನ ಎಲೆಯೋ ಹಿಂದಿನ ರೆಂಬೆಯೋ ಸ್ಫುಟವಾಗಿದ್ದರೆ, ಫೋಕಸ್ ಬೇರೆ ಕಡೆಗೆ ಹೋಗಿದೆಯೆಂದು ತಿಳಿಯಬೇಕು. ಚಿತ್ರದಲ್ಲಿ ಎಲ್ಲಿಯೂ ಸ್ಫುಟತೆಯಿಲ್ಲದೆ, ಎಳೆದ ಗುರುತೂ ಇಲ್ಲದೆ, ಅಂಚುಗಳೆಲ್ಲ ಬಿಸಿನೀರಿನ ಆವಿಯ ಹಿಂದೆ ಇದ್ದಂತೆ ಕದಡಿದ್ದರೆ, ಅದು ನಡುವಣ ಕಾದ ಗಾಳಿಯ ಕೆಲಸ. ಈ ನಾಲ್ಕನ್ನು ಬೇರ್ಪಡಿಸಿ ನೋಡಲು ಬಂದವಳಿಗೆ ಮುಂದಿನ ಪಾಠವು ಸುಲಭ. ಲೆನ್ಸಿನ ದೋಷವೆಂದು ಹೇಳುವ ಮೊದಲು ಈ ನಾಲ್ಕು ಕಾರಣಗಳನ್ನೂ ಪರೀಕ್ಷಿಸತಕ್ಕದ್ದು.

2. ಷಟರಿನ ವೇಗ

ಕ್ಯಾಮರಾದ ಒಳಗೆ ಬೆಳಕು ಬೀಳುವ ಕಾಲವನ್ನು ಅಳೆಯುವುದು ಷಟರು. ಉದ್ದವಾದ ಲೆನ್ಸು ಹಕ್ಕಿಯನ್ನು ದೊಡ್ಡದು ಮಾಡುವಂತೆಯೇ ನಮ್ಮ ಕೈಯ ನಡುಕವನ್ನೂ ದೊಡ್ಡದು ಮಾಡುತ್ತದೆ. ಆದ್ದರಿಂದ ಹಿಂದಿನಿಂದ ಬಂದ ಒಂದು ನಿಯಮವಿದೆ: ಲೆನ್ಸಿನ ಸಂಗಮದೂರವು ಎಷ್ಟು ಮಿಲಿಮೀಟರೋ, ಸೆಕೆಂಡಿನ ಅಷ್ಟನೆಯ ಒಂದು ಭಾಗಕ್ಕಿಂತ ಷಟರಿನ ಕಾಲವು ಹೆಚ್ಚಾಗಬಾರದು. 400 ಮಿಲಿಮೀಟರಿನ ಲೆನ್ಸಿಗೆ 1/400 ಸೆಕೆಂಡು. ಅನೇಕರ ಕೈಯಲ್ಲಿರುವ ಕ್ಯಾಮರಾಗಳಲ್ಲಿ ಚಿತ್ರ ಮೂಡುವ ಫಲಕವು ಹಳೆಯ ಫಿಲ್ಮಿನ ಚೌಕಟ್ಟಿಗಿಂತ ಸಣ್ಣದು. ಅಂಥವುಗಳಲ್ಲಿ 1/600 ಎಂದೇ ಇಟ್ಟುಕೊಳ್ಳುವುದು ಉತ್ತಮ.

ಈ ನಿಯಮವು ಕೈಯ ಅಲುಗಾಟಕ್ಕೆ ಮಾತ್ರ ಸಾಕಾಗುತ್ತದೆ; ಹಕ್ಕಿಯ ಚಲನೆಗೆ ಸಾಲದು. ಇಂದಿನ ಲೆನ್ಸುಗಳಲ್ಲಿ ಅಲುಗಾಟವನ್ನು ತಡೆಯುವ ಏರ್ಪಾಡು ಇರುವುದಷ್ಟೆ. ಅದು ನಮ್ಮ ಕೈಯನ್ನು ಸ್ಥಿರಪಡಿಸೀತು, ಕಾಜಾಣದ ಬಾಲವನ್ನು ನಿಲ್ಲಿಸಲಾರದು. ಕುಳಿತಿರುವ ಹಕ್ಕಿಯೂ ಸುಮ್ಮನೆ ಕುಳಿತಿರುವುದಿಲ್ಲ; ಕ್ಷಣಕ್ಷಣಕ್ಕೂ ತಲೆಯನ್ನು ತಿರುಗಿಸುತ್ತದೆ. ಕುಳಿತ ಹಕ್ಕಿಗೆ 1/500ರಿಂದ 1/1000, ಹಾರುವ ಬೆಳ್ಳಕ್ಕಿಯಂತಹ ದೊಡ್ಡ ಹಕ್ಕಿಗೆ 1/1600, ಕಳ್ಳಿಪೀರದಂತೆ ಸರಕ್ಕನೆ ತಿರುಗುವ ಸಣ್ಣ ಹಕ್ಕಿಗೆ 1/3200 ಎಂದು ಆರಂಭಿಸಬಹುದು.

ವೇಗವನ್ನು ಹೆಚ್ಚಿಸಿದರೆ ಬೆಳಕು ಕಡಿಮೆಯಾಗುತ್ತದೆ. ಆ ಕೊರತೆಯನ್ನು ಐಎಸ್‌ಒ ಎಂಬ ಗ್ರಹಣಶಕ್ತಿಯನ್ನು ಏರಿಸಿ ತುಂಬಬೇಕು. ಬೆಳಗಿನ ನೆರಳಿನಲ್ಲಿ ಐಎಸ್‌ಒ 200ಕ್ಕೆ 1/250 ಸೆಕೆಂಡು ದೊರೆಯುತ್ತಿದ್ದರೆ, 1/1000 ಬೇಕಾದಾಗ ಐಎಸ್‌ಒ 800 ಆಗಬೇಕು. ಕಾಲವು ನಾಲ್ಕನೆಯ ಒಂದು ಪಾಲಿಗೆ ಇಳಿಯಿತು, ಗ್ರಹಣಶಕ್ತಿ ನಾಲ್ಕು ಪಟ್ಟಾಯಿತು, ಲೆಕ್ಕವು ಇಷ್ಟೇ. ಐಎಸ್‌ಒ ಏರಿದರೆ ಚಿತ್ರದಲ್ಲಿ ಮರಳಿನಂತಹ ಕಣಗಳು ತೋರುತ್ತವೆಂದು ಹೊಸಬರು ಹೆದರಿ, ವೇಗವನ್ನು ಇಳಿಸಿಬಿಡುತ್ತಾರೆ. ಇದು ಸರಿಯಲ್ಲ. ಕಣಗಳನ್ನು ಆಮೇಲೆ ಬಹುಮಟ್ಟಿಗೆ ಕಡಿಮೆಮಾಡಬಹುದು. ಅಲುಗಿದ ಕಣ್ಣನ್ನು ಯಾವ ಕಾಲಕ್ಕೂ ಸರಿಪಡಿಸಲಾಗದು.

ಹಿಡಿಯುವ ರೀತಿಯೂ ಮುಖ್ಯ. ಎಡಗೈಯ ಅಂಗೈಯನ್ನು ಲೆನ್ಸಿನ ಕೆಳಗೆ ಕೊಟ್ಟು, ಎರಡು ಮೊಣಕೈಗಳನ್ನೂ ಮೈಗೆ ಆನಿಸಿ, ಉಸಿರನ್ನು ಮೆಲ್ಲನೆ ಬಿಡುತ್ತಾ ಗುಂಡಿಯನ್ನು ಒತ್ತಬೇಕು, ಕುಟ್ಟಬಾರದು. ಮರದ ಕಾಂಡ, ಗೋಡೆಯ ಮೂಲೆ, ಕಿಟಕಿಯ ಕಟ್ಟೆ, ಇವೆಲ್ಲ ಬೆಲೆಯಿಲ್ಲದೆ ದೊರೆಯುವ ಆಸರೆಗಳು. ಅಕ್ಕಿಯನ್ನೋ ಹೆಸರುಕಾಳನ್ನೋ ತುಂಬಿ ಬಾಯಿ ಹೊಲಿದ ಸಣ್ಣ ಬಟ್ಟೆಚೀಲವನ್ನು ಗೋಡೆಯ ಮೇಲಿಟ್ಟು ಅದರ ಮೇಲೆ ಲೆನ್ಸನ್ನು ಇರಿಸಿದರೆ, ಅನೇಕ ಸಂದರ್ಭಗಳಲ್ಲಿ ಮುಕ್ಕಾಲಿಯೇ ಬೇಕಾಗುವುದಿಲ್ಲ. ಇಂಥ ಚೀಲವನ್ನು ನಮ್ಮ ಹುಡುಗಿಯರು ಹೊಲಿಗೆಯ ತರಗತಿಯಲ್ಲಿ ಅರ್ಧ ಗಂಟೆಯೊಳಗೆ ಮಾಡಬಲ್ಲರು.

3. ಕಣ್ಣಿನ ಮೇಲೆ ಫೋಕಸ್

ಚಿತ್ರವನ್ನು ನೋಡುವವರ ದೃಷ್ಟಿಯು ಮೊದಲು ಹಕ್ಕಿಯ ಕಣ್ಣಿಗೆ ಹೋಗುತ್ತದೆ. ಕಣ್ಣು ಸ್ಫುಟವಾಗಿದ್ದರೆ ಬಾಲದ ತುದಿ ಸ್ವಲ್ಪ ಮಸುಕಾದರೂ ಚಿತ್ರವು ನಿಲ್ಲುತ್ತದೆ. ಬಾಲವು ಸ್ಫುಟವಾಗಿದ್ದು ಕಣ್ಣು ಮಸುಕಾದರೆ ನಿಲ್ಲುವುದಿಲ್ಲ. ಕ್ಯಾಮರಾವು ತಾನಾಗಿ ಫೋಕಸ್ ಮಾಡುವಾಗ ಅನೇಕ ಬಿಂದುಗಳಲ್ಲಿ ತನಗೆ ಸುಲಭವಾದುದನ್ನು ಆರಿಸಿಕೊಳ್ಳುತ್ತದೆ. ಅದು ಸಾಮಾನ್ಯವಾಗಿ ನಮಗೆ ಹತ್ತಿರವಿರುವ ಎಲೆ ಅಥವಾ ಹಕ್ಕಿಯ ಎದೆ. ಆದ್ದರಿಂದ ಎಲೆಗಳ ನಡುವೆ ಕುಳಿತ ಹಕ್ಕಿಗೆ ಒಂದೇ ಸಣ್ಣ ಬಿಂದುವನ್ನು ಆರಿಸಿ, ಅದನ್ನು ಕಣ್ಣಿನ ಮೇಲೆ ಇಡಬೇಕು. ಚಲಿಸುವ ಹಕ್ಕಿಗೆ, ಗುಂಡಿಯನ್ನು ಅರ್ಧ ಒತ್ತಿರುವವರೆಗೂ ಫೋಕಸನ್ನು ಬದಲಾಯಿಸುತ್ತಲೇ ಇರುವ ಕ್ರಮವನ್ನು ಉಪಯೋಗಿಸಬೇಕು. ಈಚಿನ ಕೆಲವು ಕ್ಯಾಮರಾಗಳು ಹಕ್ಕಿಯ ಕಣ್ಣನ್ನು ತಾವೇ ಗುರುತಿಸಿ ಹಿಂಬಾಲಿಸುತ್ತವೆ. ಅದು ದೊಡ್ಡ ಸಹಾಯವೇ ಸರಿ. ಆದರೆ ದಟ್ಟವಾದ ಕೊಂಬೆಗಳಲ್ಲಿ ಅದೂ ದಾರಿತಪ್ಪುವುದುಂಟು.

ಫೋಕಸ್ ಏಕೆ ಇಷ್ಟು ಸೂಕ್ಷ್ಮ ಎಂಬುದನ್ನು ಒಂದು ಲೆಕ್ಕದಿಂದ ತಿಳಿಯಬಹುದು. ಸಣ್ಣ ಫಲಕದ ಕ್ಯಾಮರಾಕ್ಕೆ 400 ಮಿಲಿಮೀಟರಿನ ಲೆನ್ಸನ್ನು ಹಾಕಿ, ಕಿಂಡಿಯನ್ನು ಎಫ್ 5.6ಕ್ಕೆ ತೆರೆದು, 5 ಮೀಟರು ದೂರದ ಹಕ್ಕಿಯ ಚಿತ್ರವನ್ನು ತೆಗೆದರೆ, ಸ್ಫುಟವಾಗಿ ತೋರುವ ಆಳವು ಸುಮಾರು 3.5 ಸೆಂಟಿಮೀಟರು ಮಾತ್ರ. ಪಿಕಳಾರವು ನಮ್ಮ ಕಡೆಗೆ ಮುಖಮಾಡಿ ಕುಳಿತರೆ ಕೊಕ್ಕಿನಿಂದ ಬಾಲದವರೆಗೆ ಅದಕ್ಕಿಂತ ಬಹಳ ಹೆಚ್ಚು ಉದ್ದವಿರುತ್ತದೆ. ಕಿಂಡಿಯನ್ನು ಎಫ್ 8ಕ್ಕೆ ಕಿರಿದುಮಾಡಿದರೆ ಆಳವು 5 ಸೆಂಟಿಮೀಟರಾಗುತ್ತದೆ; ಅನೇಕ ಲೆನ್ಸುಗಳು ಹೀಗೆ ಸ್ವಲ್ಪ ಕಿರಿದುಮಾಡಿದಾಗಲೇ ಹೆಚ್ಚು ಸ್ಫುಟವಾದ ಚಿತ್ರವನ್ನು ಕೊಡುತ್ತವೆ. ಹಕ್ಕಿಯು ನಮಗೆ ಅಡ್ಡಲಾಗಿ, ಅಂದರೆ ಪಕ್ಕವನ್ನು ತೋರಿಸಿ ಕುಳಿತಿರುವ ಹೊತ್ತಿಗೆ ಕಾದರೆ, ಇಡೀ ಮೈ ಒಂದೇ ದೂರದಲ್ಲಿರುವುದರಿಂದ ಕೆಲಸವು ಇನ್ನೂ ಸುಗಮ.

4. ಗಾಳಿ, ದೂರ, ಬೆಳಕು

ಮಧ್ಯಾಹ್ನ ಉತ್ತ ಹೊಲದ ಮೇಲೆ ಗಾಳಿಯು ಕಾದು ಮೇಲೇಳುವುದನ್ನು ನಾವೆಲ್ಲರೂ ಕಂಡಿದ್ದೇವೆ. ಅದರ ಮೂಲಕ ದೂರದ ಟಿಟ್ಟಿಭದ ಚಿತ್ರವನ್ನು ತೆಗೆದರೆ ಎಂಥ ಲೆನ್ಸಾದರೂ ಸೋಲುತ್ತದೆ. ಬೆಳಗಿನ ಮೊದಲ ಎರಡು ಗಂಟೆಗಳೂ ಸಂಜೆಯ ಕೊನೆಯ ಗಂಟೆಯೂ ಇದಕ್ಕೆ ಮದ್ದು. ಆಗ ಗಾಳಿಯು ತಂಪಾಗಿರುತ್ತದೆ, ಬೆಳಕು ಓರೆಯಾಗಿ ಬಿದ್ದು ಗರಿಯ ಎಳೆಗಳನ್ನು ಎತ್ತಿತೋರಿಸುತ್ತದೆ, ಹಕ್ಕಿಯ ಕಣ್ಣಿನಲ್ಲಿ ಒಂದು ಹೊಳಪಿನ ಚುಕ್ಕೆಯೂ ಮೂಡುತ್ತದೆ.

ದೂರವನ್ನು ಅರ್ಧಕ್ಕೆ ಇಳಿಸಿದರೆ ಹಕ್ಕಿಯು ಚಿತ್ರದಲ್ಲಿ ನಾಲ್ಕು ಪಟ್ಟು ಜಾಗವನ್ನು ತುಂಬುತ್ತದೆ. ಇದಕ್ಕೆ ಸಮಾನವಾದ ಲಾಭವನ್ನು ಯಾವ ಯಂತ್ರವೂ ಅಗ್ಗವಾಗಿ ಕೊಡದು. ಆದರೆ ಹತ್ತಿರಕ್ಕೆ ಹೋಗುವುದು ಓಡಿಹೋಗುವುದರಿಂದ ಆಗುವ ಕೆಲಸವಲ್ಲ. ಇಂಗ್ಲೆಂಡಿನ ಕೀರ್ಟನ್ ಸಹೋದರರು 1900ರಲ್ಲಿ ಟೊಳ್ಳಾದ ಎತ್ತಿನ ಬೊಂಬೆಯೊಂದನ್ನು ಮಾಡಿಸಿ, ಅದರ ಹೊಟ್ಟೆಯೊಳಗೆ ಅಡಗಿ ನಿಂತು ಚಿತ್ರ ತೆಗೆದರು. ನಮಗೆ ಅಷ್ಟು ಬೇಕಾಗಿಲ್ಲ. ಮಣ್ಣಿನ ಬಣ್ಣದ ಉಡುಪು, ನೇರವಾಗಿ ನಡೆಯದೆ ಓರೆಯಾಗಿ ನಡೆದು ನಡುನಡುವೆ ನಿಲ್ಲುವುದು, ಹಕ್ಕಿಯು ದಿನವೂ ಬಂದು ಕೂರುವ ಕೊಂಬೆಯನ್ನು ಅರಿತು ಮೊದಲೇ ಅಲ್ಲಿ ಕುಳಿತಿರುವುದು, ಇಷ್ಟು ಸಾಕು. ಕಳ್ಳಿಪೀರವು ಹುಳವನ್ನು ಹಿಡಿದು ಮತ್ತೆ ಮತ್ತೆ ಅದೇ ತಂತಿಗೆ ಮರಳುವುದನ್ನು ಬಲ್ಲವಳು ಅದನ್ನು ಅಟ್ಟಿಕೊಂಡು ಹೋಗುವುದಿಲ್ಲ. ಶ್ರೀರಂಗಪಟ್ಟಣದ ಬಳಿ ಕಾವೇರಿಯ ನಡುಗಡ್ಡೆಗಳಲ್ಲಿ 1940ರಲ್ಲಿ ಪಕ್ಷಿಧಾಮವಾದ ರಂಗನತಿಟ್ಟಿನಲ್ಲಿ ಹುಟ್ಟು ಹಾಕುವ ದೋಣಿಗಳು ಹಕ್ಕಿಗಳ ಸಮೀಪಕ್ಕೆ ಹೋಗುತ್ತವೆ. ಬಣ್ಣದ ಕೊಕ್ಕರೆಗಳು ಬೆದರುವುದಿಲ್ಲ. ಆದರೆ ದೋಣಿಯು ತೂಗುವುದರಿಂದ ಅಲ್ಲಿ ಮುಕ್ಕಾಲಿಗಿಂತ ಕೈಯೇ ಲೇಸು. ಷಟರಿನ ವೇಗವನ್ನೂ ಒಂದು ಮಟ್ಟ ಏರಿಸಿಕೊಳ್ಳಬೇಕು.

ಬೆಳಕಿನ ಅಳತೆಯಲ್ಲಿ ಕ್ಯಾಮರಾವು ಎಲ್ಲವನ್ನೂ ನಡುವಣ ಬೂದುಬಣ್ಣವೆಂದು ಎಣಿಸುತ್ತದೆ. ಕಪ್ಪು ನೀರಿನ ಮುಂದೆ ನಿಂತ ಬೆಳ್ಳಕ್ಕಿಯನ್ನು ಅದು ಅತಿಯಾಗಿ ಬೆಳಗಿಸುವುದರಿಂದ ಬಿಳಿಯ ಗರಿಗಳ ಎಳೆಗಳು ಅಳಿಸಿಹೋಗುತ್ತವೆ; ಅಲ್ಲಿ ಒಂದು ಮಟ್ಟ ಇಳಿಸಬೇಕು. ಬಿಳಿಯ ಆಕಾಶದ ಮುಂದಿನ ಕಾಜಾಣವನ್ನು ಕರಿಯ ಮುದ್ದೆಮಾಡುತ್ತದೆ. ಅಲ್ಲಿ ಒಂದು ಮಟ್ಟ ಏರಿಸಬೇಕು. ಅಳಿಸಿಹೋದ ಬಿಳುಪನ್ನು ಮರಳಿ ತರಲಾಗದೆಂಬುದನ್ನು ನೆನಪಿನಲ್ಲಿಡಿರಿ.

5. ಆರಿಸುವುದು

ಮನೆಗೆ ಬಂದ ಮೇಲಿನ ಮೊದಲನೆಯ ಕೆಲಸ ತಿದ್ದುವುದಲ್ಲ, ಆರಿಸುವುದು. ಫಿಲ್ಮಿನ ಕಾಲದಲ್ಲಿ ಒಂದು ಸುರುಳಿಗೆ ಸಾಮಾನ್ಯವಾಗಿ 36 ಚಿತ್ರಗಳು ಮಾತ್ರ. ಬೆಂಗಳೂರಿನ ಟಿ. ಎನ್. ಎ. ಪೆರುಮಾಳ್ (1932–2017), ಸಂಡೂರಿನ ಎಂ. ವೈ. ಘೋರ್ಪಡೆ (1931–2011), ಮೂಡಿಗೆರೆಯ ಕಾಡುತೋಟಗಳಲ್ಲಿ ಹಕ್ಕಿಗಳನ್ನು ಹಿಂಬಾಲಿಸಿದ ಪೂರ್ಣಚಂದ್ರ ತೇಜಸ್ವಿ (1938–2007) ಇವರೆಲ್ಲರೂ ಫಿಲ್ಮಿನಲ್ಲಿ ಕೆಲಸಮಾಡಿದವರು. ಅವರು ಗುಂಡಿ ಒತ್ತುವ ಮೊದಲೇ ಆರಿಸಬೇಕಾಗಿತ್ತು. ನಮಗೆ ಒಂದು ಬೆಳಗಿನಲ್ಲಿ ಐದುನೂರು ಚಿತ್ರಗಳು ಬರುವುದು ಕಷ್ಟವಲ್ಲ. ಆದ್ದರಿಂದ ಆಮೇಲೆ ಕಟ್ಟುನಿಟ್ಟಾಗಿ ಆರಿಸಬೇಕು.

ಪ್ರತಿಯೊಂದನ್ನೂ ಪೂರ್ಣ ಅಳತೆಗೆ ಹಿಗ್ಗಿಸಿ ಕಣ್ಣನ್ನು ನೋಡಿರಿ. ಕಣ್ಣು ಮಸುಕಾಗಿದ್ದರೆ, ಭಂಗಿಯು ಎಷ್ಟೇ ಚೆಂದವಾಗಿದ್ದರೂ, ಅದನ್ನು ಬದಿಗಿಡಿರಿ. ಇದಕ್ಕೆ ಒಂದೇ ವಿನಾಯಿತಿ ಉಂಟು: ಅಪರೂಪದ ಹಕ್ಕಿಯಾಗಿದ್ದರೆ ಮಸುಕಾದ ಚಿತ್ರವನ್ನೂ, ಸ್ಥಳ ಮತ್ತು ದಿನಾಂಕವನ್ನು ಬರೆದು, ದಾಖಲೆಗಾಗಿ ಉಳಿಸಿಕೊಳ್ಳಬೇಕು. ಒಂದೇ ಭಂಗಿಯ ಹತ್ತು ಚಿತ್ರಗಳಲ್ಲಿ ಒಂದನ್ನು ಮಾತ್ರ ಇಟ್ಟುಕೊಳ್ಳಿರಿ. ಐದುನೂರರಲ್ಲಿ ಐದು ಉಳಿದರೆ ಅದು ಒಳ್ಳೆಯ ಬೆಳಗೇ ಸರಿ.

6. ತಿದ್ದುವ ಕ್ರಮ

ತಿದ್ದುವಿಕೆಗೆ ಒಂದು ಸರದಿ ಉಂಟು. ಅದನ್ನು ಹಿಂದುಮುಂದು ಮಾಡಬಾರದು. ಚಿತ್ರವನ್ನು ಕ್ಯಾಮರಾದಲ್ಲಿ ರಾ ಎಂಬ ಹಸಿ ರೂಪದಲ್ಲಿ ಶೇಖರಿಸಿದ್ದರೆ ತಿದ್ದಲು ಹೆಚ್ಚು ಅವಕಾಶವಿರುತ್ತದೆ. ಜೆಪೆಗ್ ರೂಪದಲ್ಲಿ ಕ್ಯಾಮರಾವೇ ಅಡಿಗೆಮಾಡಿ ಬಡಿಸಿರುತ್ತದೆ. ಯಾವುದಾದರೂ ಮೂಲಪ್ರತಿಯನ್ನು ಅಳಿಸದೆ, ನಕಲಿನ ಮೇಲೆ ಕೆಲಸಮಾಡತಕ್ಕದ್ದು.

ಮೊದಲು ಕತ್ತರಿಸುವುದು. 6000ಕ್ಕೆ 4000 ಪಿಕ್ಸೆಲ್ಲುಗಳ ಚಿತ್ರದಲ್ಲಿ 2 ಕೋಟಿ 40 ಲಕ್ಷ ಚುಕ್ಕೆಗಳಿವೆ. ಉದ್ದ ಅಗಲಗಳನ್ನು ಅರ್ಧಕ್ಕೆ ಕತ್ತರಿಸಿದರೆ 60 ಲಕ್ಷ ಉಳಿಯುತ್ತವೆ. ಮೂರನೆಯ ಒಂದಕ್ಕೆ ಕತ್ತರಿಸಿದರೆ ಸುಮಾರು 27 ಲಕ್ಷ ಮಾತ್ರ. ಅಂಗುಲಕ್ಕೆ 300 ಚುಕ್ಕೆಗಳಂತೆ ಮುದ್ರಿಸುವುದಾದರೆ, ಅರ್ಧಕ್ಕೆ ಕತ್ತರಿಸಿದ ಚಿತ್ರವು 10 ಅಂಗುಲ ಅಗಲಕ್ಕೆ ಸಾಕು. ಅದಕ್ಕಿಂತ ಹೆಚ್ಚು ಕತ್ತರಿಸಿದರೆ ಮಸುಕೆಲ್ಲ ಎದ್ದು ಕಾಣುತ್ತದೆ. ಹಕ್ಕಿಯು ನೋಡುತ್ತಿರುವ ಕಡೆಗೆ ಸ್ವಲ್ಪ ಹೆಚ್ಚು ಜಾಗವನ್ನು ಬಿಡಿರಿ.

ಎರಡನೆಯದಾಗಿ ಬೆಳಕು ಮತ್ತು ಬಣ್ಣ. ಬಿಳುಪನ್ನು ತುಸು ತಗ್ಗಿಸಿ, ನೆರಳನ್ನು ತುಸು ಎತ್ತಿದರೆ ಅಡಗಿದ್ದ ಗರಿಗಳು ತೋರುತ್ತವೆ. ಬಣ್ಣವನ್ನು ಹಕ್ಕಿಗೆ ಇರುವುದಕ್ಕಿಂತ ಗಾಢಮಾಡಬಾರದು. ಮೂರನೆಯದಾಗಿ ಕಣಗಳ ನಿವಾರಣೆ. ಅದನ್ನು ಹಿನ್ನೆಲೆಗೆ ಹೆಚ್ಚಾಗಿಯೂ ಹಕ್ಕಿಗೆ ಕಡಿಮೆಯಾಗಿಯೂ ಮಾಡಬೇಕು. ಅತಿಯಾದರೆ ಗರಿಯು ಮೇಣದಂತಾಗುತ್ತದೆ. ನಾಲ್ಕನೆಯದಾಗಿ ಬೇಕಾದ ಅಳತೆಗೆ ಕುಗ್ಗಿಸುವುದು. ಎಲ್ಲಕ್ಕೂ ಕೊನೆಯದು ಸ್ಫುಟಗೊಳಿಸುವುದು.

ಈ ಕೊನೆಯ ಕ್ರಿಯೆಯ ಗುಟ್ಟನ್ನು ತಿಳಿದವರು ಅದನ್ನು ಮಿತಿಮೀರಿ ಉಪಯೋಗಿಸುವುದಿಲ್ಲ. ಕಂಪ್ಯೂಟರು ಚಿತ್ರದ ಮಸುಕಾದ ಪ್ರತಿಯೊಂದನ್ನು ತಾನೇ ಮಾಡಿ, ಮೂಲಕ್ಕೂ ಅದಕ್ಕೂ ಇರುವ ವ್ಯತ್ಯಾಸವನ್ನು ಮೂಲಕ್ಕೆ ಕೂಡಿಸುತ್ತದೆ. ಅದರಿಂದ ಅಂಚಿನ ಕಪ್ಪು ಪಕ್ಕವು ಇನ್ನೂ ಕಪ್ಪಾಗಿ, ಬಿಳಿಯ ಪಕ್ಕವು ಇನ್ನೂ ಬಿಳುಪಾಗಿ, ಅಂಚು ತೀಕ್ಷ್ಣವಾದಂತೆ ನಮ್ಮ ಕಣ್ಣಿಗೆ ತೋರುತ್ತದೆ. ಹೊಸ ಗರಿ ಒಂದೂ ಹುಟ್ಟುವುದಿಲ್ಲ. ಅಂಚಿನ ಅಗಲವನ್ನು ಅರ್ಧದಿಂದ ಒಂದು ಪಿಕ್ಸೆಲ್ಲಿನಷ್ಟೇ ಇರಿಸಿ, ಪ್ರಮಾಣವನ್ನು ಮೆಲ್ಲನೆ ಏರಿಸುತ್ತಾ ನೋಡಿರಿ. ಹಕ್ಕಿಯ ಸುತ್ತ ಬಿಳಿಯ ಗೆರೆಯು ಪ್ರಭಾವಳಿಯಂತೆ ಮೂಡಿದ ಕೂಡಲೆ ಹಿಂದಕ್ಕೆ ಬನ್ನಿರಿ. ಆಕಾಶಕ್ಕೂ ದೂರದ ಹಸುರಿಗೂ ಈ ಕ್ರಿಯೆಯು ಬೇಡ. ಮಾಸ್ಕಿಂಗ್ ಎಂಬ ಮರೆಯನ್ನು ಹಾಕಿ ಹಕ್ಕಿಗೆ ಮಾತ್ರ ಅದನ್ನು ತಗಲಿಸಬೇಕು.

7. ಎಲ್ಲಿ ನಿಲ್ಲಬೇಕು

ಈಗ ಕೃತಕ ಬುದ್ಧಿಮತ್ತೆಯ ತಂತ್ರಾಂಶಗಳು ಬಂದಿವೆ. ಅವು ಮಸುಕಾದ ಹಕ್ಕಿಗೆ ಗರಿಗಳನ್ನು ಬಿಡಿಬಿಡಿಯಾಗಿ ಬರೆದುಕೊಡಬಲ್ಲವು. ಆದರೆ ಬರೆದ ಆ ಗರಿಗಳು ಬೇರೆ ಅಸಂಖ್ಯಾತ ಚಿತ್ರಗಳಿಂದ ಕಲಿತ ಊಹೆಯಾಗಿರಬಹುದು. ನಾವು ಕಂಡ ಹಕ್ಕಿಯವಾಗಿರಬೇಕೆಂದಿಲ್ಲ. ಚಳಿಗಾಲದಲ್ಲಿ ನಮ್ಮ ನಾಡಿಗೆ ಬರುವ ಪುಟ್ಟ ಹಸುರು ಉಲಿಯಕ್ಕಿಗಳಲ್ಲಿ ಒಂದು ಜಾತಿಯನ್ನು ಇನ್ನೊಂದರಿಂದ ತಿಳಿಯಲು ಹುಬ್ಬಿನ ಗೆರೆ, ರೆಕ್ಕೆಯ ಮೇಲಿನ ತೆಳುವಾದ ಪಟ್ಟಿ, ಇಂಥ ಸಣ್ಣ ಗುರುತುಗಳೇ ಆಧಾರ. ಯಂತ್ರವು ಆ ಪಟ್ಟಿಯನ್ನು ಅಳಿಸಿದರೆ ಅಥವಾ ಇಲ್ಲದ ಪಟ್ಟಿಯನ್ನು ಎಳೆದರೆ, ಆ ಚಿತ್ರವು ಸುಳ್ಳುಸಾಕ್ಷಿ ಹೇಳಿದಂತಾಗುತ್ತದೆ. ಟರ್ನರ್ ಅವರ ಬಿಟರ್ನ್ ಮರಿಯ ಚಿತ್ರಕ್ಕೆ ಬೆಲೆ ಬಂದುದು ಅದು ನಿಜವಾಗಿದ್ದುದರಿಂದ. ಆದಕಾರಣ ನಾವು ಹೇಳುವ ನಿಯಮವಿದು: ಬೆಳಕು, ಬಣ್ಣ, ಅಂಚುಗಳನ್ನು ಹದಮಾಡಬಹುದು, ಹಕ್ಕಿಯ ಮೈಮೇಲೆ ಏನನ್ನೂ ಹೊಸದಾಗಿ ಸೇರಿಸಬಾರದು. ಅಂದಕ್ಕಾಗಿ ಅಡ್ಡಬಂದ ರೆಂಬೆಯನ್ನು ತೆಗೆದಿದ್ದರೆ ಹಾಗೆಂದು ಚಿತ್ರದ ಕೆಳಗೆ ಬರೆಯಬೇಕು.

ಇನ್ನೊಂದು ಎಲ್ಲೆಯೂ ಉಂಟು. ಹಿಂದಿನ ಕಾಲದ ಕ್ಯಾಮರಾಗಳು ನಿಧಾನವಾದವು. ಉದ್ದದ ಲೆನ್ಸುಗಳೂ ವಿರಳ. ಅಲುಗಾಡದೆ ಒಂದೆಡೆ ಇರುವುದು ಗೂಡೇ ಆದುದರಿಂದ ಆ ಕಾಲದವರು ಗೂಡಿನ ಬಳಿಗೆ ಹೋದರು. ಕೀರ್ಟನ್ ಸಹೋದರರು 1895ರಲ್ಲಿ ಹೊರತಂದ ಪುಸ್ತಕವು ಹಕ್ಕಿಗೂಡುಗಳದೇ. ನಮಗೆ ಆ ಅಗತ್ಯವಿಲ್ಲ. ಗೂಡಿನ ಹತ್ತಿರ ನಾವು ನಿಂತಷ್ಟು ಹೊತ್ತೂ ತಾಯಿಹಕ್ಕಿಯು ದೂರ ಉಳಿಯುತ್ತದೆ. ಬಿಸಿಲಿಗೆ ಮೊಟ್ಟೆಗಳು ಬೇಯುತ್ತವೆ. ಎಲೆಗಳನ್ನು ಸರಿಸಿದರೆ ಕಾಗೆಗೆ ದಾರಿ ತೋರಿಸಿದಂತಾಗುತ್ತದೆ. ಕಾಡುಹಕ್ಕಿಗಳ ಗೂಡನ್ನೂ ಮೊಟ್ಟೆಯನ್ನೂ ಕೆದಕುವುದನ್ನು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ಬೇಟೆಯೊಳಗೇ ಎಣಿಸಿದೆ. ಕಾಯಿದೆ ಇರಲಿ ಬಿಡಲಿ, ಒಂದು ಸ್ಫುಟವಾದ ಚಿತ್ರಕ್ಕೆ ಮೂರು ಮರಿಗಳ ಪ್ರಾಣವು ಬೆಲೆಯಾಗಬಾರದು. ಹಕ್ಕಿಯು ಕೂಗಿ ಎಚ್ಚರಿಸಿದರೆ, ಬಾಯಲ್ಲಿ ಹುಳವನ್ನು ಹಿಡಿದು ಗೂಡಿಗೆ ಹೋಗದೆ ಕಾದರೆ, ನಾವು ಹತ್ತಿರವಾಗಿಬಿಟ್ಟಿದ್ದೇವೆಂದು ತಿಳಿದು ಹಿಂದಕ್ಕೆ ಸರಿಯಬೇಕು.

ಅಭ್ಯಾಸ

ಈ ಪಾಠವನ್ನು ಓದಿ ಮುಗಿಸಿದರೆ ಸಾಲದು. ಕೈಯಿಂದ ಮಾಡಿ ನೋಡಬೇಕು. ಅದಕ್ಕಾಗಿ ಮೂರು ಅಭ್ಯಾಸಗಳನ್ನು ಕೊಡುತ್ತೇವೆ.

ಮೊದಲನೆಯದು: ಗೋಡೆಗೆ ಒಂದು ಮುದ್ರಿತ ಹಾಳೆಯನ್ನು ಅಂಟಿಸಿ, ಐದು ಮೀಟರು ದೂರದಿಂದ 1/60, 1/250, 1/1000 ಸೆಕೆಂಡುಗಳಲ್ಲಿ ಹತ್ತು ಹತ್ತು ಚಿತ್ರಗಳನ್ನು ಕೈಯಲ್ಲಿ ಹಿಡಿದು ತೆಗೆಯಿರಿ. ಯಾವ ವೇಗದಲ್ಲಿ ಎಷ್ಟು ಚಿತ್ರಗಳಲ್ಲಿ ಅಕ್ಷರಗಳನ್ನು ಓದಲು ಬರುವುದೆಂದು ಎಣಿಸಿ ಬರೆದಿಡಿರಿ. ನಿಮ್ಮ ಕೈಯ ಬಲವೂ ದೌರ್ಬಲ್ಯವೂ ನಿಮಗೇ ತಿಳಿಯುವುದು.

ಎರಡನೆಯದು: ಒಂದು ವಾರವೆಲ್ಲ ಒಂದೇ ಹಕ್ಕಿಯನ್ನು ಹಿಡಿಯಿರಿ. ಮೈನಾ ಆಗಲಿ, ಗುಬ್ಬಚ್ಚಿಯಾಗಲಿ, ಮಡಿವಾಳ ಹಕ್ಕಿಯಾಗಲಿ ಚಿಂತೆಯಿಲ್ಲ. ಕೆಟ್ಟುಹೋದ ಪ್ರತಿ ಚಿತ್ರದ ಎದುರಿಗೆ ಕೈ, ಹಕ್ಕಿ, ಫೋಕಸ್, ಗಾಳಿ ಎಂಬ ನಾಲ್ಕು ಮಾತುಗಳಲ್ಲಿ ಸರಿಯಾದುದನ್ನು ಬರೆಯಿರಿ. ವಾರದ ಕೊನೆಗೆ ಯಾವ ಮಾತು ಹೆಚ್ಚಾಗಿ ಬಂದಿದೆಯೋ ಅದೇ ನಿಮ್ಮ ಮುಂದಿನ ವಾರದ ಪಾಠ.

ಮೂರನೆಯದು: ಉಳಿದ ಚಿತ್ರಗಳಲ್ಲಿ ಒಂದನ್ನು ಮೇಲೆ ಹೇಳಿದ ಸರದಿಯಲ್ಲಿ ತಿದ್ದಿ, ಒಂದು ರಾತ್ರಿ ಹಾಗೆಯೇ ಬಿಟ್ಟು, ಮರುದಿನ ಮೂಲದೊಡನೆ ಹೋಲಿಸಿ ನೋಡಿರಿ. ತಿದ್ದಿದ್ದು ಹೆಚ್ಚಾಯಿತೆಂದು ಸಾಮಾನ್ಯವಾಗಿ ಆಗ ತೋರುವುದು.

ಇಷ್ಟನ್ನು ತಾಳ್ಮೆಯಿಂದ ಮಾಡಿದವರಿಗೆ ಇನ್ನೊಂದು ಲಾಭವು ತಾನಾಗಿ ದೊರೆಯುತ್ತದೆ. ಕಣ್ಣಿನ ಮೇಲೆ ಫೋಕಸ್ ಇಡಲು ಕಾದು ಕುಳಿತವಳು ಹಕ್ಕಿಯ ಕಣ್ಣಿನ ಬಣ್ಣವನ್ನು ಮೊದಲ ಬಾರಿಗೆ ನೋಡುತ್ತಾಳೆ. ಅದು ಯಾವಾಗ ತಲೆಯೆತ್ತುವುದು, ಯಾವಾಗ ಹಾರುವುದು ಎಂಬುದನ್ನು ಅರಿಯುತ್ತಾಳೆ. ಕ್ಯಾಮರಾವು ಮನೆಯಲ್ಲಿ ಉಳಿದ ದಿವಸವೂ ಆ ಅರಿವು ಅವಳೊಡನೆ ಇರುತ್ತದೆ. ನಮ್ಮ ವಿದ್ಯಾರ್ಥಿನಿಯರು ಮುಂದಿನ ರಜೆಯಲ್ಲಿ ತಮ್ಮ ತಮ್ಮ ಊರಿನ ಹಕ್ಕಿಗಳನ್ನು ಹೀಗೆ ಕಂಡು, ಸ್ಫುಟವೂ ಸತ್ಯವೂ ಆದ ಕೆಲವು ಚಿತ್ರಗಳನ್ನಾದರೂ, ಸ್ಥಳ ಮತ್ತು ದಿನಾಂಕಗಳ ಸಹಿತ, ಶಾಲೆಗೆ ತರುವರೆಂದು ಆಶಿಸುತ್ತೇವೆ.